ರಫೇಲ್, ಟೈಫೂನ್: ಕೂಡಿ ಕಟ್ಟಿದ ವಿಮಾನ, ಒಬ್ಬರೇ ಕಟ್ಟಿದ ವಿಮಾನ

ಕತಾರ್ ತನ್ನ ವಾಯುಪಡೆಗೆ ಫ್ರಾನ್ಸ್‌ನಿಂದ 36 ರಫೇಲ್, ಬ್ರಿಟನ್‌ನಿಂದ 24 ಟೈಫೂನ್ ಯುದ್ಧವಿಮಾನ ಖರೀದಿಸಿದೆ. ಸೌದಿ, ಕುವೈತ್, ಒಮಾನ್ ಆರಿಸಿಕೊಂಡದ್ದು ಟೈಫೂನ್. ಯುಎಇ 2021ರ ಡಿಸೆಂಬರ್‌ನಲ್ಲಿ 80 ರಫೇಲ್‌ಗೆ ಸಹಿ ಹಾಕಿತು. ನಮ್ಮ ಭಾರತದ ಬಳಿ ಇರುವುದೂ ರಫೇಲ್. ಎರಡೂ ವಿಮಾನಗಳಿಗೆ ತ್ರಿಕೋನದ ರೆಕ್ಕೆ, ಮೂತಿಯ ಹತ್ತಿರ ಪುಟ್ಟ ರೆಕ್ಕೆ, ಎರಡು ಎಂಜಿನ್. ನೋಡಿದರೆ ಅಣ್ಣ-ತಮ್ಮಂದಿರ ಹಾಗೆ ಕಾಣುತ್ತವೆ. ಒಂದು ಕಾಲದಲ್ಲಿ ಇವೆರಡೂ ಒಂದೇ ವಿಮಾನ ಆಗಬೇಕಿತ್ತು.

ಬೇರೆಯಾದದ್ದು ಯಾಕೆ?

1983ರಲ್ಲಿ ಬ್ರಿಟನ್, ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಸ್ಪೇನ್ ಸೇರಿ ಒಂದೇ ಯುದ್ಧವಿಮಾನ ಮಾಡೋಣ ಎಂದು ಹೊರಟಿದ್ದವು. ಆದರೆ ಫ್ರಾನ್ಸ್‌ಗೆ ತನ್ನ ವಿಮಾನವಾಹಕ ಹಡಗಿನ ಮೇಲೂ ಇಳಿಯಬಲ್ಲ, ಸ್ವಲ್ಪ ಹಗುರದ ವಿಮಾನ ಬೇಕಿತ್ತು. ಎಂಜಿನ್ ತನ್ನದೇ ಆಗಬೇಕು, ವಿನ್ಯಾಸದ ಮುಂದಾಳತ್ವ ತನ್ನ ಡಸಾಲ್ಟ್ ಕಂಪೆನಿಗೇ ಸಿಗಬೇಕು ಎಂದೂ ಹಠ ಹಿಡಿಯಿತು. ಉಳಿದವರು ಒಪ್ಪಲಿಲ್ಲ. 1985ರಲ್ಲಿ ಫ್ರಾನ್ಸ್ ಎದ್ದು ಹೊರಟಿತು. ಉಳಿದ ನಾಲ್ಕು ದೇಶಗಳು ಟೈಫೂನ್ ಮಾಡಿದವು, ಫ್ರಾನ್ಸ್ ಒಂಟಿಯಾಗಿ ರಫೇಲ್ ಮಾಡಿತು.

ಕೂಡಿ ಕಟ್ಟಿದರೆ ಏನು ಲಾಭ?

ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಅಂತಾರಲ್ಲ, ಲೆಕ್ಕ ಅದೇ. ಸಂಶೋಧನೆಯ ಖರ್ಚು ಹಂಚಿಹೋಗುತ್ತದೆ, ಮೊದಲೇ ದೊಡ್ಡ ಆರ್ಡರ್ ಕೈಯಲ್ಲಿರುತ್ತದೆ. ಬ್ರಿಟನ್, ಪಶ್ಚಿಮ ಜರ್ಮನಿ, ಇಟಲಿ ಕೂಡಿ 1969ರಲ್ಲಿ ಕಟ್ಟಿದ ಪನಾವಿಯಾ ಕಂಪೆನಿ ಒಂಬೈನೂರಕ್ಕೂ ಹೆಚ್ಚು ಟೊರ್ನಾಡೊ ವಿಮಾನಗಳನ್ನು ಮಾಡಿತು. ಒಂದೇ ದೇಶದ ಆರ್ಡರ್‌ನಿಂದ ಅಷ್ಟು ಆಗುತ್ತಿರಲಿಲ್ಲ.

ತೊಂದರೆ ಶುರುವಾಗುವುದು ಕೆಲಸ ಹಂಚುವಾಗ. ಯಾರು ಎಷ್ಟು ವಿಮಾನ ಕೊಳ್ಳುತ್ತಾರೋ ಅವರಿಗೆ ಅಷ್ಟು ಪಾಲು ಕೆಲಸ ಎಂಬುದು ಟೈಫೂನ್‌ನ ನಿಯಮ. ಬ್ರಿಟನ್, ಜರ್ಮನಿ ತಲಾ 250, ಇಟಲಿ 165, ಸ್ಪೇನ್ 100 ಎಂದು ಮೊದಲು ಲೆಕ್ಕ ಹಾಕಿದ್ದರು. ಶೀತಲ ಸಮರ ಮುಗಿದ ಮೇಲೆ ಜರ್ಮನಿ 180ಕ್ಕೆ ಇಳಿಸಿತು, ಮತ್ತೆ ಪಾಲಿನ ಜಗಳ. ವಿಮಾನದ ಎಡರೆಕ್ಕೆ ಇಟಲಿಯಲ್ಲಿ, ಬಲರೆಕ್ಕೆ ಸ್ಪೇನ್‌ನಲ್ಲಿ, ನಡುಭಾಗ ಜರ್ಮನಿಯಲ್ಲಿ. ಕೊನೆಯ ಜೋಡಣೆಗೆ ನಾಲ್ಕು ದೇಶಗಳಲ್ಲೂ ಒಂದೊಂದು ಕಾರ್ಖಾನೆ. ಇದರಿಂದ ಖರ್ಚೂ ಏರಿತು, ಸಮಯವೂ ಹೋಯಿತು. 1994ರಲ್ಲಿ ಮೊದಲ ಸಲ ಹಾರಿದ ಟೈಫೂನ್ ಸೇವೆಗೆ ಬಂದದ್ದು 2003ರಲ್ಲಿ.

ಮಾರುವಾಗ ಯಾರ ಅನುಮತಿ ಬೇಕು?

ಸೌದಿ ಅರೇಬಿಯಾ 2007ರಲ್ಲಿ 72 ಟೈಫೂನ್ ಕೊಂಡಿತ್ತು. 2018ರ ಮಾರ್ಚ್‌ನಲ್ಲಿ ಇನ್ನೂ 48ರ ಮಾತುಕತೆ ಬ್ರಿಟನ್ ಜತೆ ಮುಂದುವರಿಯಿತು. ಅದೇ ಅಕ್ಟೋಬರ್‌ನಲ್ಲಿ ಪತ್ರಕರ್ತ ಜಮಾಲ್ ಖಶೋಗಿ ಹತ್ಯೆಯಾದ ಬಳಿಕ ಜರ್ಮನಿ ಸೌದಿಗೆ ಶಸ್ತ್ರ ರಫ್ತು ನಿಲ್ಲಿಸಿತು. ವಿಮಾನದ ದೊಡ್ಡ ಭಾಗ ಜರ್ಮನಿಯಲ್ಲೇ ಆಗುವ ಕಾರಣ ಬ್ರಿಟನ್‌ನ ಕೈ ಕಟ್ಟಿಹೋಯಿತು. 2024ರ ಜನವರಿಯಲ್ಲಷ್ಟೇ ಜರ್ಮನಿ ಅಡ್ಡಿ ಸಡಿಲಿಸಿತು. ಟರ್ಕಿಗೂ ಹೀಗೇ ಆಯಿತು. ಜರ್ಮನಿ ಒಪ್ಪಿದ ಮೇಲೆಯೇ 2025ರ ಅಕ್ಟೋಬರ್‌ನಲ್ಲಿ 20 ಟೈಫೂನ್‌ಗಳ ಒಪ್ಪಂದ ಸಾಧ್ಯವಾಯಿತು.

ಇದನ್ನು ಎರಡು ರೀತಿ ನೋಡಬಹುದು. ವ್ಯಾಪಾರದ ಲೆಕ್ಕದಲ್ಲಿ ಇದು ಅಡ್ಡಗಾಲು. ಆದರೆ ಇದೇ ವಿಮಾನಗಳು ಯೆಮನ್ ಮೇಲೆ ಬಾಂಬ್ ಹಾಕುತ್ತಿದ್ದಾಗ, ಪಾಲುದಾರರಲ್ಲಿ ಒಬ್ಬರಾದರೂ "ಬೇಡ" ಅನ್ನಲು ಸಾಧ್ಯವಾದದ್ದು ಒಳ್ಳೆಯದೇ ಎನ್ನುವವರೂ ಇದ್ದಾರೆ.

ಒಂಟಿಯಾಗಿ ಹೋದವರ ಪಾಡು

ರಫೇಲ್ ಮಾರಲು ಫ್ರಾನ್ಸ್ ಯಾರನ್ನೂ ಕೇಳಬೇಕಿಲ್ಲ. ಅಣ್ವಸ್ತ್ರ ಹೊರುವ ವಿಮಾನವೂ ಅದೇ ಆದ್ದರಿಂದ ಫ್ರಾನ್ಸ್‌ಗೆ ಈ ಸ್ವಾತಂತ್ರ್ಯ ಬಹಳ ಮುಖ್ಯ. ಆದರೆ ಅದಕ್ಕೆ ಬೆಲೆ ತೆತ್ತಿದೆ. 1986ರಲ್ಲಿ ಮಾದರಿ ಹಾರಿದರೂ ಮೊದಲ ವಿದೇಶಿ ಗಿರಾಕಿ ಈಜಿಪ್ಟ್ ಬಂದದ್ದು 2015ರಲ್ಲಿ. ಅಲ್ಲಿಯವರೆಗೆ ಕಾರ್ಖಾನೆ ಮುಚ್ಚದಂತೆ ನೋಡಿಕೊಂಡದ್ದು ಫ್ರಾನ್ಸ್‌ನ ತೆರಿಗೆದಾರರ ದುಡ್ಡು.

ಸ್ವೀಡನ್‌ನ ಕಥೆ ಬೇರೆ. 1970ರ ದಶಕದಲ್ಲಿ ಭಾರತ ಅದರ ವಿಗ್ಗೆನ್ ವಿಮಾನ ಕೊಳ್ಳಲು ಆಸಕ್ತಿ ತೋರಿಸಿತ್ತು. ವಿಮಾನ ಸ್ವೀಡನ್‌ನದ್ದಾದರೂ ಎಂಜಿನ್‌ನ ಮೂಲ ಅಮೆರಿಕದ್ದು. ಅಮೆರಿಕ ಬೇಡ ಅಂದಿತು, ವ್ಯಾಪಾರ ಅಲ್ಲಿಗೇ ಮುಗಿಯಿತು. ಕೊನೆಗೆ ಭಾರತ ಆರಿಸಿದ್ದು ಬ್ರಿಟನ್-ಫ್ರಾನ್ಸ್ ಕೂಡಿ ಮಾಡಿದ ಜಾಗ್ವಾರ್. ಅದನ್ನು ಮುಂದೆ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಕಟ್ಟಲಾಯಿತು.

ಈಗ ಏನಾಗುತ್ತಿದೆ?

ಹಳೇ ಜಗಳ ಮರುಕಳಿಸಿದೆ. ಫ್ರಾನ್ಸ್, ಜರ್ಮನಿ 2017ರಲ್ಲಿ ಹೊಸ ಪೀಳಿಗೆಯ ವಿಮಾನಕ್ಕೆ ಕೈಜೋಡಿಸಿದವು, 2019ರಲ್ಲಿ ಸ್ಪೇನ್ ಸೇರಿತು. ಗುರಿ 2040ರ ಹೊತ್ತಿಗೆ. ಅಂದಾಜು ಖರ್ಚು 10 ಸಾವಿರ ಕೋಟಿ ಯೂರೋ. ಆದರೆ ಡಸಾಲ್ಟ್ ಮತ್ತು ಏರ್‌ಬಸ್ ನಡುವೆ ಯಜಮಾನ ಯಾರು ಎಂಬ ತಕರಾರು 2025ರಲ್ಲಿ ಬೀದಿಗೆ ಬಂತು. ಇನ್ನೊಂದು ಕಡೆ ಬ್ರಿಟನ್, ಇಟಲಿ, ಜಪಾನ್ 2022ರ ಡಿಸೆಂಬರ್‌ನಲ್ಲಿ ಬೇರೆಯೇ ಗುಂಪು ಕಟ್ಟಿವೆ. ಅವರ ಗುರಿ 2035.

ನಮಗೇನು ಪಾಠ?

ಬೆಂಗಳೂರಿನಲ್ಲಿ ತಯಾರಾದ ಮರುತ್ 1961ರಲ್ಲೇ ಹಾರಿತ್ತು. ತಕ್ಕ ಶಕ್ತಿಯ ಎಂಜಿನ್ ಸಿಗದೆ ಅದು ಹಿಂದೆ ಬಿತ್ತು. ಇಂದಿನ ತೇಜಸ್ ನಮ್ಮದೇ ವಿನ್ಯಾಸ, ಆದರೆ ಎಂಜಿನ್ ಅಮೆರಿಕದ ಜಿಇ ಕಂಪೆನಿಯದ್ದು. ಅದು ತಡವಾಗಿ ಬಂದರೆ ವಿಮಾನವೂ ತಡ. ನಮ್ಮದೇ ಕಾವೇರಿ ಎಂಜಿನ್ ತೇಜಸ್‌ಗೆ ಬೇಕಾದಷ್ಟು ಶಕ್ತಿ ಮುಟ್ಟಲಿಲ್ಲ.

ಹಾಗಾಗಿ "ಸ್ವದೇಶಿ" ಎಂಬ ಸುದ್ದಿ ಓದಿದಾಗ ಎಂಜಿನ್ ಯಾರದು, ಮಾರಲು ಯಾರ ಸಹಿ ಬೇಕು ಎಂದೂ ಹುಡುಕಿ ನೋಡಿ. ನಮ್ಮಲ್ಲಿ ಮೆಕ್ಯಾನಿಕಲ್, ಏರೋನಾಟಿಕಲ್ ಓದುತ್ತಿರುವ ಹುಡುಗ ಹುಡುಗಿಯರಿಗೆ ಇದು ಬರೀ ಸುದ್ದಿಯಲ್ಲ. ಎಂಜಿನ್‌ನ ಬಿಸಿ ತಡೆಯುವ ಲೋಹ, ಅದರ ಬ್ಲೇಡ್ ಎರಕ, ಪರೀಕ್ಷೆ: ಭಾರತ ಹಿಂದುಳಿದಿರುವುದು ಇಲ್ಲೇ, ಕೆಲಸ ಬಾಕಿ ಇರುವುದೂ ಇಲ್ಲೇ.