ಶೋಕಿ ಮತ್ತು ಹೌಸಿ

‘ಶೋಕಿ’ ಎಂಬುದು ಇಂಗ್ಲಿಷಿನ ‘ಶೋ’ದಿಂದ ಹುಟ್ಟಿದ ಮಾತು ಎಂದು ನಂಬಿದವರು ನಮ್ಮಲ್ಲಿ ಬಹಳ. ಶೋ ಕೊಡುವುದು, ತೋರಿಸಿಕೊಳ್ಳುವುದು, ಅದಕ್ಕೇ ಶೋಕಿ. ಸದ್ದು ಕೂಡುತ್ತದೆ, ಅರ್ಥವೂ ಕೂಡುತ್ತದೆ, ವಂಶಾವಳಿ ಮಾತ್ರ ಕೂಡುವುದಿಲ್ಲ. ಶೋಕಿಯ ತವರು ಅರಬ್ಬಿ. ಅಲ್ಲಿ ಅದು ‘ಶೌಕ್’: ಹಂಬಲ, ಆಸೆ, ಯಾವುದೋ ಒಂದರ ಕಡೆಗೆ ಮನಸ್ಸು ತಾನಾಗಿ ವಾಲುವುದು. ಫಾರಸಿಯನ್ನು ಹೊಕ್ಕು, ದಖನಿ ಉರ್ದುವಿನ ಬಾಯಲ್ಲಿ ಪಳಗಿದ ಮಾತು ಆದಿಲಶಾಹಿಯ ವಿಜಯಪುರ, ನವಾಬರ ಸವಣೂರು ಇದ್ದ ನಮ್ಮ ಸೀಮೆಗೆ ಬಂದು ನೆಲೆಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಂಸ್ಕೃತದ ಶೋಕಕ್ಕೂ ಇದಕ್ಕೂ ನಂಟಿಲ್ಲ. ತಿಂಗಳ ಕೊನೆಗೆ ನಂಟಿದೆ ಎಂದು ಅನ್ನಿಸಿದರೆ ಅದು ಭಾಷೆಯ ತಪ್ಪಲ್ಲ.

ಇದೇ ಬೇರಿನ ಇನ್ನೊಂದು ಕುಡಿ ‘ಮುಷ್ತಾಕ್’. ಹಂಬಲಿಸುವವನು ಎಂದರ್ಥ. 2025ರಲ್ಲಿ ದೀಪಾ ಭಾಸ್ತಿ ಅವರ ಅನುವಾದದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಬಾನು ಮುಷ್ತಾಕ್ ಅವರ ಹೆಸರನ್ನು ಕನ್ನಡ ನಾಡೆಲ್ಲ ಉಚ್ಚರಿಸಿತು. ಆ ಹೆಸರಿನೊಳಗೆ ಶೋಕಿಯ ಒಡಹುಟ್ಟು ಕುಳಿತಿದೆ ಎಂದು ಯಾರಿಗೂ ಹೊಳೆದಂತಿಲ್ಲ. ಒಂದೇ ಮನೆಯ ಮಕ್ಕಳು. ಒಂದು ಲಂಡನ್ನಿನ ವೇದಿಕೆ ಹತ್ತಿತು. ಇನ್ನೊಂದು ಕುಂದಗೋಳ ತಾಲ್ಲೂಕಿನ ಗುಡಗೇರಿಯಲ್ಲಿ ಬೆಳಗಾದರೆ ಬೈಗುಳವಾಗಿ ಏಳುತ್ತದೆ.

“ಸಾಕ್ ಮಾಡವಾ ನಿನ್ನ ಶೋಕಿ, ಗಾಡಿ ಬರೂ ಹೊತ್ತಾತು!”

ಗಾಡಿ ಎಂದರೆ ಇಲ್ಲಿ ರೈಲು. ಗುಡಗೇರಿಗೆ ತನ್ನದೇ ನಿಲ್ದಾಣವಿದೆ. ಸಂಶಿ, ಕುಂದಗೋಳ ದಾಟಿದರೆ ಹುಬ್ಬಳ್ಳಿ. ರೈಲು ತಪ್ಪಿದರೆ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆಯೂ ಇಲ್ಲ. ಡಿಗ್ರಿ ಓದುವ ಹುಡುಗಿ ಹೊರಡುವ ಮುನ್ನ ಕನ್ನಡಿಯ ಮುಂದೆ ಕಳೆಯುವ ಸ್ವಲ್ಪ ಹೊತ್ತಿಗೆ ತಾಯಿ ಇಟ್ಟ ಹೆಸರು ಶೋಕಿ.

ಈ ಶೋಕಿಯ ಒಟ್ಟು ಆಸ್ತಿ ಎಷ್ಟು? ಗೂಡಿನಲ್ಲಿಟ್ಟ ಒಂದು ಸ್ಟೀಲಿನ ಡಬ್ಬಿಯಲ್ಲಿ ಹಿಡಿಯುವಷ್ಟು. ತುದಿ ಸವೆದ ಕಾಡಿಗೆ ಪೆನ್ಸಿಲ್. ಲಿಪ್ ಬಾಮ್, ಬಣ್ಣ ಇದೆಯೋ ಇಲ್ಲವೋ ಎಂದು ಅಪ್ಪನಿಗೆ ಗುಮಾನಿ ಬರುವಷ್ಟೇ ಅದರ ಕೆಂಪು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಚೌಕಾಸಿ ಮಾಡಿ ತಂದ, ಬೆಳ್ಳಿಯಂತೆ ಕಪ್ಪಿಟ್ಟ ಝುಮುಕಿ. ಒಂದು ಹಲ್ಲು ಮುರಿದರೂ ಎಸೆಯದ ಕ್ಲಚರ್. ಹಿಂಡಿ ಹಿಂಡಿ ಚಪ್ಪಟೆಯಾದ ಸನ್‌ಸ್ಕ್ರೀನ್ ಟ್ಯೂಬು. ಅದನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಬೆರಳಿನಿಂದ ಬಳಿದು ತೆಗೆಯುವಾಗ ಹುಡುಗಿಯ ಮುಖದಲ್ಲಿ ಕಾಣುವುದು ಶೋಕಿಯಲ್ಲ, ಪಕ್ಕಾ ಸಂಸಾರಸ್ಥೆಯ ಲೆಕ್ಕಾಚಾರ. ಮೀಶೋದಲ್ಲಿ ಆರ್ಡರ್ ಮಾಡಿದ ಕುರ್ತಾ ಬಂದಾಗ ದುಡ್ಡು ಕೊಡುವುದು ಬಾಗಿಲಲ್ಲಿ. ಹಾಗಾಗಿ ಡೆಲಿವರಿ ಹುಡುಗ ಬರುವ ದಿನ ಅಪ್ಪ ಹೊಲದಲ್ಲಿರಬೇಕು, ಅವ್ವ ಮನೆಯಲ್ಲಿರಬೇಕು. ಬೆಲೆ ಕೇಳಿದವರಿಗೆಲ್ಲ ಒಂದಿಷ್ಟು ಕಡಿಮೆಯೇ ಹೇಳಬೇಕು. ಬೈಯುವ ತಾಯಿಯೂ ಈ ಸುಳ್ಳಿನಲ್ಲಿ ಪಾಲುದಾರಳು.

ಆ ದುಡ್ಡು ಎಲ್ಲಿಯದು ಎಂದೂ ಕೇಳಬೇಕು. ಸೂಟಿಯ ದಿನಗಳಲ್ಲಿ ಹತ್ತಿ ಬಿಡಿಸಿದ ಕೂಲಿ, ಮೆಣಸಿನಕಾಯಿ ಬಿಡಿಸಿದ ಕೂಲಿ ಎಷ್ಟೋ ಹುಡುಗಿಯರ ಕೈಯಲ್ಲಿರುತ್ತದೆ. ಈ ಸೀಮೆಯ ಮೆಣಸಿನಕಾಯಿ ಬ್ಯಾಡಗಿ ತಳಿ. ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕಾರ್ಖಾನೆಗಳು ಅದರಿಂದ ತೆಗೆಯುವ ಓಲಿಯೊರೆಸಿನ್ ಎಂಬ ಕೆಂಪು ಸಾರ ಅಡುಗೆಗೆ ಬಣ್ಣ ಕೊಡುವುದರ ಜತೆಗೆ ಲಿಪ್‌ಸ್ಟಿಕ್, ಉಗುರು ಬಣ್ಣಗಳಿಗೂ ಹೋಗುತ್ತದೆ. ಕಣ್ಣು ಉರಿಸಿಕೊಂಡು, ಸೀನುತ್ತ ಮೆಣಸಿನಕಾಯಿ ಬಿಡಿಸಿದವಳು ತುಟಿಗೆ ಕೆಂಪು ಹಚ್ಚಿದರೆ ಅದು ಶೋಕಿ. ಅದೇ ಕೆಂಪನ್ನು ಕ್ವಿಂಟಲ್ ಲೆಕ್ಕದಲ್ಲಿ ಬ್ಯಾಡಗಿ ಪೇಟೆಗೆ ಹೊತ್ತೊಯ್ದರೆ ಅದು ವ್ಯಾಪಾರ.

ಪತ್ರಿಕೆಗಳಲ್ಲಿ ಶೋಕಿಗೆ ಬೇರೆಯದೇ ಉದ್ಯೋಗ. ಅಪರಾಧ ಸುದ್ದಿಯ ಪುಟ ತೆರೆದರೆ ‘ಶೋಕಿಗಾಗಿ ಬೈಕ್ ಕಳವು’, ‘ಶೋಕಿ ಜೀವನಕ್ಕೆ ಸರಗಳ್ಳತನ’. ಶೀರ್ಷಿಕೆಯಲ್ಲಿ ಜಾಗ ಉಳಿಸುವ ಪದ ಅದು. ಎರಡೇ ಅಕ್ಷರದಲ್ಲಿ ಕಾರಣವನ್ನೂ ತೀರ್ಪನ್ನೂ ಒಟ್ಟಿಗೆ ಹೇಳಿಬಿಡುತ್ತದೆ. ಗಮನಿಸಿ ನೋಡಿ, ಆ ಸುದ್ದಿಗಳಲ್ಲಿ ಸಿಕ್ಕಿಬಿದ್ದವರು ಬಹುತೇಕ ಗಂಡು ಹುಡುಗರು. ಶೋಕಿಲಾಲ ಎಂಬ ಬಿರುದೂ ಗಂಡಸಿನದೇ. ಶೋಕಿಲಾಲಿ ಎಂದು ಯಾರೂ ಅನ್ನುವುದಿಲ್ಲ. ಸಿನಿಮಾದವರು 2022ರಲ್ಲಿ ಅಜಯ್ ರಾವ್ ಅವರನ್ನು ಹಾಕಿ ‘ಶೋಕಿವಾಲ’ ತೆಗೆದರು, ಅಲ್ಲೂ ನಾಯಕನೇ ಶೋಕಿವಾಲ. ಪೊಲೀಸ್ ಠಾಣೆಯಲ್ಲಿ ಪುಲ್ಲಿಂಗ, ಟಾಕೀಸಿನಲ್ಲಿ ಪುಲ್ಲಿಂಗ, ಮನೆಯ ಕನ್ನಡಿಯ ಮುಂದೆ ಮಾತ್ರ ಸ್ತ್ರೀಲಿಂಗ.

ಗಾದೆಗೂ ಇದೇ ಗತಿ ಆಗಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಕಾಲೇಜು ಹುಡುಗಿಯರಿಗೆ ಅನ್ನುವವರು ಆ ಗಾದೆಯನ್ನು ಒಮ್ಮೆ ನಿಧಾನವಾಗಿ ಕೇಳಿಕೊಳ್ಳಬೇಕು. ಹೆಂಗಸರದು ಹೆರಳು, ತುರುಬು, ಜಡೆ. ಜುಟ್ಟು ಬಿಡುತ್ತಿದ್ದವನು ಗಂಡಸು. ಗಾದೆ ಹುಟ್ಟಿದಾಗ ಮಲ್ಲಿಗೆ ಮುಡಿದು ಓಣಿಯಲ್ಲಿ ಅಡ್ಡಾಡುತ್ತಿದ್ದವನು ಯಾರೋ ಸೋಮಾರಿ ಯಜಮಾನನೇ ಇದ್ದಾನು ಎಂಬುದು ನನ್ನ ಗುಮಾನಿ. ಜುಟ್ಟು ಹೋಯಿತು, ಬೈಗುಳ ಉಳಿದು ಪಕ್ಕದವಳ ತಲೆಗೆ ಏರಿತು.

ಇನ್ನು ‘ಹೌಸಿ’. ಬೆಂಗಳೂರಿನ ಓದುಗರಿಗೆ ಈ ಮಾತು ಅಷ್ಟು ಪರಿಚಯವಿರಲಿಕ್ಕಿಲ್ಲ. ಧಾರವಾಡ ಸೀಮೆಯಲ್ಲಿ ‘ಮಗಳ ಲಗ್ನ ಹೌಸಿಲೆ ಮಾಡಿದ್ರು’ ಎಂದರೆ ಕೈ ಹಿಡಿಯದೆ, ಮನಸ್ಸು ತುಂಬಿ ಮಾಡಿದರು ಎಂದು. ‘ಭಾಳ ಹೌಸಿ ಮನಷ್ಯಾ’ ಎಂದರೆ ಉಣ್ಣಲು, ಉಡಲು, ನಾಲ್ಕು ಮಂದಿಯನ್ನು ಕರೆಯಲು ಉಮೇದಿ ಇರುವವನು, ಹೊಗಳಿಕೆ. ಮರಾಠಿಯ ‘ಹೌಸ್’ ನಮಗೆ ಬಂದದ್ದು ಸಹಜ. ಕುಂದಗೋಳವೇ ಪಟವರ್ಧನರ ಜಮಖಂಡಿ ಸಂಸ್ಥಾನದಲ್ಲಿತ್ತು. ನಾಟಕದ ಹುಚ್ಚೂ ಮರಾಠಿಯದೇ. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ಸಂಗೀತ ನಾಟಕಗಳಲ್ಲಿ ಹಾಡಿ ಹೆಸರಾದವರು. ಅದೇ ರಂಗಭೂಮಿಯ ಬಾಲಗಂಧರ್ವರು ಸ್ತ್ರೀಪಾತ್ರದಲ್ಲಿ ಸೀರೆಯುಟ್ಟ ರೀತಿ, ಹೂ ಮುಡಿದ ರೀತಿ ನೋಡಿ ಮನೆಯ ಹೆಣ್ಣುಮಕ್ಕಳು ತಾವೂ ಹಾಗೆ ಉಟ್ಟು ಮುಡಿದರು. ಗಂಡಸೊಬ್ಬನನ್ನು ನೋಡಿ ಹೆಂಗಸರು ಸಿಂಗಾರ ಕಲಿತ ಕಾಲ ಅದು. ಇಂದಿನ ಹುಡುಗಿ ಇನ್‌ಸ್ಟಾಗ್ರಾಮಿನ ರೀಲ್ಸ್ ನೋಡಿ ದುಪಟ್ಟಾ ಹಾಕುವುದನ್ನು ಕಲಿತರೆ ಕೆಟ್ಟುಹೋದಳು ಎನ್ನುವವರು ಆ ಮುತ್ತಜ್ಜಿಯರನ್ನು ಏನೆನ್ನುತ್ತಾರೋ.

ತಮಾಷೆ ಇರುವುದು ಹೌಸಿಯ ಮೂಲದಲ್ಲಿ. ಅದೂ ಅರಬ್ಬಿಯೇ, ‘ಹವಸ್’. ಇವತ್ತಿಗೂ ಹಿಂದಿ, ಉರ್ದುಗಳಲ್ಲಿ ಅದು ಕಾಮದ ಹಸಿವು, ತೀರದ ದುರಾಸೆ. ಮಕ್ಕಳ ಮುಂದೆ ಆಡುವ ಮಾತಲ್ಲ. ‘ಶೌಕ್’ ಅಲ್ಲಿ ಸಂಭಾವಿತ ಪದ: ಓದುವ ಶೌಕ್, ಹಾಡುವ ಶೌಕ್. ಎರಡೂ ನಮ್ಮ ಸೀಮೆಗೆ ಬಂದವು. ಅಲ್ಲಿ ಮಾನ ಕಳೆದುಕೊಂಡದ್ದು ಇಲ್ಲಿ ಮಾನವಂತೆಯಾಯಿತು, ಮಾನದಿಂದ ಬಂದದ್ದು ಬೈಸಿಕೊಳ್ಳುತ್ತ ಕುಳಿತಿತು. ಊರು ಬಿಟ್ಟು ಬಂದ ಪದಗಳಿಗೆ ಹಳೆಯ ಜಾತಕ ಯಾರೂ ಕೇಳುವುದಿಲ್ಲ.

ಎರಡರ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯಬೇಕಾದರೆ ಕಾಲೇಜಿನ ಟ್ರೆಡಿಶನಲ್ ಡೇ ಮುಂಜಾನೆ ಗುಡಗೇರಿಯ ಯಾವುದಾದರೂ ಮನೆಗೆ ಹೋಗಬೇಕು. ಟ್ರಂಕಿನಿಂದ ಆಯಿಯ ಇಳಕಲ್ ಸೀರೆ ಹೊರಬರುತ್ತದೆ, ಡಾಂಬರ ಗುಳಿಗೆಯ ವಾಸನೆ ಸಮೇತ. ತೋಪುತೆನೆ ಸೆರಗು, ಅಂಚು ಇನ್ನೂ ಗಟ್ಟಿ. ಕುಪ್ಪಸಕ್ಕೆ ಗುಳೇದಗುಡ್ಡದ ಖಣ. ನೆರಿಗೆ ಹಿಡಿಯಲು ಚಿಗವ್ವ ನೆಲಕ್ಕೆ ಕುಳಿತಿದ್ದಾಳೆ, ಬಾಯಲ್ಲಿ ಪಿನ್ನು. ಮೊಮ್ಮಗಳು ಯೂಟ್ಯೂಬ್ ನೋಡಿ ತುರುಬು ಕಟ್ಟಿಕೊಳ್ಳುತ್ತಾಳೆ. ಕಾಡಿಗೆ ದಿನಕ್ಕಿಂತ ದಪ್ಪ, ತುಟಿಗೆ ಬಣ್ಣ ಬಹಿರಂಗವಾಗಿಯೇ. ಹಿಡಿದ ಹೊತ್ತು ದಿನದ ನಾಲ್ಕು ಪಟ್ಟು. ಗಾಡಿ ತಪ್ಪುವುದು ಖಚಿತ. ಆದರೆ ಯಾರೂ ಶೋಕಿ ಅನ್ನುವುದಿಲ್ಲ. ಆಯಿ ದೃಷ್ಟಿ ತೆಗೆದು, “ಹೌಸಿ ಹುಡುಗಿ ಐತಿ ನಮ್ಮದು” ಎನ್ನುತ್ತಾಳೆ. ಅದೇ ಹುಡುಗಿ, ಅದೇ ಕನ್ನಡಿ, ಅದೇ ಡಬ್ಬಿ. ಉಟ್ಟದ್ದು ಮನೆತನದ್ದಾದರೆ ಹೌಸಿ, ತಾನೇ ಆರಿಸಿಕೊಂಡದ್ದಾದರೆ ಶೋಕಿ. ವ್ಯತ್ಯಾಸ ಇಷ್ಟೇ.

ಎತ್ತುಗಳ ವಿಷಯದಲ್ಲೂ ನೋಡಿ. ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಝೂಲ; ಎಲ್ಲವೂ ಹೌಸಿಯ ಖಾತೆಗೆ. ಟ್ರ್ಯಾಕ್ಟರಿಗೆ ಸೌಂಡ್ ಬಾಕ್ಸ್ ಕೂಡಿಸಿ, ಮಾಳು ನಿಪನಾಳ ಅವರ ಹಾಡು ಹಚ್ಚಿ, ಕಬ್ಬಿನ ಹೊಲದವರೆಗೂ ಕೇಳುವಂತೆ ಓಡಿಸುವುದು ಹರೆಯದವರ ಉಮೇದಿ. ಆ ಸೌಂಡ್ ಬಾಕ್ಸಿನ ಬೆಲೆಯಲ್ಲಿ ಎಷ್ಟು ಲಿಪ್ ಬಾಮ್ ಬರುತ್ತವೆ ಎಂಬ ಲೆಕ್ಕ ಯಾವ ಮನೆಯಲ್ಲೂ ಆಗಿಲ್ಲ.

ಕನ್ನಡದಲ್ಲಿ ಚೆಲುವಿಗೆ ಪದಗಳಿಗೇನು ಬರ? ಸೊಬಗು, ಬೆಡಗು, ಬಿನ್ನಾಣ, ಒನಪು, ವೈಯಾರ. ಎಲ್ಲವೂ ಚೆಂದವೇ. ಆದರೆ ಎಲ್ಲವೂ ಎದುರು ನಿಂತು ನೋಡುವವರ ಪದಗಳು. ಅವಳಲ್ಲಿ ಬೆಡಗಿದೆ ಎಂದು ಇನ್ನೊಬ್ಬರು ಹೇಳಬೇಕು. ನನಗೆ ಬೆಡಗು ಬೇಕು ಎಂದು ಯಾವ ಹುಡುಗಿ ಅನ್ನುತ್ತಾಳೆ? ಬೇಕು ಎಂಬ ಭಾವವನ್ನೇ ಹೊತ್ತು ಬಂದದ್ದು ಶೌಕ್. ಒಳಗಿನಿಂದ ಹೇಳಲು ಸಿಕ್ಕ ಆ ಒಂದು ಪದವನ್ನು ನಾವು ಬೈಗುಳ ಮಾಡಿಕೊಂಡೆವು.

ಗುಡಗೇರಿಯ ಮಟ್ಟಿಗೆ ಸಿಂಗಾರದ ಮಾತು ಕಲ್ಲಿನಲ್ಲೇ ಇದೆ. ಇಲ್ಲಿ ಸಿಕ್ಕ ಕ್ರಿ.ಶ. 1076-77ರ ಜೈನ ಶಾಸನ ಚಾಲುಕ್ಯ ವಿಜಯಾದಿತ್ಯನ ತಂಗಿಯೊಬ್ಬಳನ್ನು ನೆನೆಯುತ್ತದೆ. ಪುಲಿಗೆರೆಯಲ್ಲಿ, ಅಂದರೆ ಹತ್ತಿರದ ಲಕ್ಷ್ಮೇಶ್ವರದಲ್ಲಿ, ಆನೆಸೆಜ್ಜೆಯ ಬಸದಿ ಕಟ್ಟಿಸಿದವಳು. ಅವಳ ಹೆಸರು ಕುಂಕುಮ ಮಹಾದೇವಿ. ಕುಂಕುಮ ಎಂದರೆ ಮೂಲದಲ್ಲಿ ಕೇಸರಿ. ಮೈಗೆ ಪೂಸಿಕೊಳ್ಳುತ್ತಿದ್ದ ದುಬಾರಿ ಲೇಪನದ ಸಾಮಾನು. ಅದೇ ಹೆಸರಿನ ರಾಜಕುಮಾರಿ ಬಸದಿ ಕಟ್ಟಿಸಿ, ಕಾಲವಾಗಿ ಮುನ್ನೂರು ವರ್ಷಗಳಾದ ಮೇಲೂ ದಾನಶಾಸನದಲ್ಲಿ ಉಳಿದಳು.

ಶೋಕಿ ಎಂದು ಬೈಯಬೇಕಾದ ಕಡೆ ನಾವು ಬೈಯಲಿಲ್ಲ ಎಂಬ ದೂರೂ ನನ್ನದಿದೆ. ಅಜ್ಜಿಯರ ಕಾಲದ ‘ಸ್ನೋ ಪೌಡರ್’ ನೆನಪಿದೆಯೇ? ಮುಂಬಯಿಯ ಪಾಟನವಾಲಾ 1919ರಲ್ಲಿ ತಂದ ‘ಅಫ್ಘಾನ್ ಸ್ನೋ’ದಂಥ ಬಿಳಿ ಕ್ರೀಮುಗಳಿಂದ, ಹಿಮ ಬೀಳದ ಎರೆನಾಡಿನಲ್ಲೂ ಸ್ನೋ ಎಂಬ ಮಾತು ಮನೆಮಾತಾಯಿತು. 1975ರಲ್ಲಿ ‘ಫೇರ್ ಆ್ಯಂಡ್ ಲವ್ಲಿ’ ಬಂತು. ಗಂಡಿನ ಕಡೆಯವರು ನೋಡಲು ಬರುತ್ತಾರೆಂದರೆ ಮನೆಯವರೇ ಮುಂದೆ ನಿಂತು ಆ ಟ್ಯೂಬು ತಂದುಕೊಟ್ಟರು. ಮೈಬಣ್ಣ ಸಾಲದು ಎಂದು ಮಗಳಿಗೆ ದಿನವೂ ನೆನಪಿಸುವ ಆ ಖರ್ಚಿಗೆ ಶೋಕಿ ಎಂಬ ಹೆಸರು ಬರಲೇ ಇಲ್ಲ. ಅದು ಜವಾಬ್ದಾರಿ ಎನಿಸಿಕೊಂಡಿತು. 2020ರಲ್ಲಿ ಕಂಪನಿಯೇ ‘ಫೇರ್’ ತೆಗೆದು ‘ಗ್ಲೋ’ ಎಂದು ಹೆಸರು ಬದಲಿಸಿತು. ಇಂದಿನ ಹುಡುಗಿ ಸನ್‌ಸ್ಕ್ರೀನ್ ಕೊಳ್ಳುವಾಗ ಎಸ್‌ಪಿಎಫ್ ಎಷ್ಟು ಎಂದು ಡಬ್ಬಿ ತಿರುಗಿಸಿ ಓದುತ್ತಾಳೆ. ಹಾಗೆಂದು ಬಿಳಿಯ ಹುಚ್ಚು ಬಿಟ್ಟಿದೆ ಎಂದಲ್ಲ, ಫೋನಿನ ಫಿಲ್ಟರಿನೊಳಗೆ ಹೋಗಿ ಅಡಗಿದೆ.

ಪದಕ್ಕೆ ಬೇರೆ ದಾರಿ ಇರಲಿಲ್ಲವೇ? ಇತ್ತು. ತುಳುವಿನಲ್ಲಿ ಇದೇ ಪದ ‘ಶೋಕು’ ಆಗಿ ಚೆಂದ ಎಂಬ ಅರ್ಥ ಪಡೆದಿದೆ. ಮಂಗಳೂರಿನ ಹುಡುಗಿ ಹೊಸ ಬಟ್ಟೆ ಉಟ್ಟು ಬಂದರೆ ‘ಶೋಕು ಉಂಡು’ ಎನ್ನುತ್ತಾರೆ, ಅವಳು ನಗುತ್ತಾಳೆ. ಅದೇ ಮಾತು ಘಟ್ಟ ಹತ್ತಿ ಗುಡಗೇರಿಗೆ ಬರುವಷ್ಟರಲ್ಲಿ ಹುಡುಗಿ ತಲೆ ತಗ್ಗಿಸಬೇಕು. ತೆಲುಗಿನ ‘ಸೋಕು’ ನಡುವೆ ಎಲ್ಲೋ ಇದೆ. ಅರ್ಧ ಮೆಚ್ಚುಗೆ, ಅರ್ಧ ಕೀಟಲೆ.

ಹುಡುಗಿಯರು ಈ ಜಗಳದಿಂದ ಆಗಲೇ ಹೊರನಡೆದಿದ್ದಾರೆ. ಅವರ ಬಾಯಲ್ಲಿ ಶೋಕಿ ಇಲ್ಲ; ‘ಲುಕ್’ ಇದೆ, ‘ಔಟ್‌ಫಿಟ್’ ಇದೆ, ‘ರೆಡಿ ಆಗೂದು’ ಇದೆ. ಯಾರಾದರೂ ಶೋಕಿ ಎಂದರೆ ಅದು ಅವ್ವನ ಧಾಟಿಯ ಅಣಕು, ಗೆಳತಿಯ ಫೋಟೊ ಕೆಳಗೆ ಬರೆಯುವ ಚೇಷ್ಟೆ. ಇನ್ನೊಂದು ತಲೆಮಾರಿಗೆ ಈ ಬೈಗುಳ ಅಪರಾಧ ಸುದ್ದಿಯ ಶೀರ್ಷಿಕೆಗಳಲ್ಲಿ ಮಾತ್ರ ಉಳಿದೀತು ಎಂದು ನನ್ನ ಅಂದಾಜು.

ಧಾರವಾಡ ಸೀಮೆಯ ಅವ್ವಂದಿರಲ್ಲಿ, ಆಯಿಯರಲ್ಲಿ ಒಂದು ವಿನಂತಿ. ಗಾಡಿಗೆ ಹೊತ್ತಾದರೆ ಹೊತ್ತಾತು ಎಂದು ಒದರಿ, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಟ್ರೆಡಿಶನಲ್ ಡೇ ದಿನ ಮಾತ್ರ ಹೊರತೆಗೆಯುವ ‘ಹೌಸಿ’ಯನ್ನು ಸೋಮವಾರ, ಮಂಗಳವಾರಗಳಿಗೂ ಒಂದಿಷ್ಟು ಬಿಡಿ.