ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಅಂಗಳಕ್ಕೆ

ಊರಲ್ಲಿ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದರೆ ಅವರಿಗೆ ಮಂಚವೇ ಖಾಯಂ. ನೀರು ಕೈಗೇ ಬರುತ್ತದೆ, ಊಟ ಹಾಸಿಗೆಗೇ ಬರುತ್ತದೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮನೆಯವರಿಗೆಲ್ಲ ಗಾಬರಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲಂತೂ ವ್ಯಾಯಾಮ ಅಂದರೇ ಜನ ಹೆದರುವಂತಾಯಿತು.

ಇದನ್ನು ಹಳ್ಳಿಯವರ ಅಜ್ಞಾನ ಅಂತ ನಗುವವರಿದ್ದಾರೆ. ಆದರೆ ಈ ಪಾಠ ಕಲಿಸಿದ್ದು ಡಾಕ್ಟರುಗಳೇ. ಸುಮಾರು ನಲವತ್ತು ವರ್ಷ ಅಮೆರಿಕ, ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲೂ ಇದೇ ಚಿಕಿತ್ಸೆಯಾಗಿತ್ತು.

ವಿಚಿತ್ರ ಅಂದರೆ ಅದಕ್ಕೂ ಹಿಂದೆ ಒಬ್ಬರು ಬೇರೆಯದನ್ನೇ ಕಂಡಿದ್ದರು. ನಡೆದಾಗ ಬರುವ ಎದೆನೋವಿಗೆ ಆಂಜೈನಾ ಎಂದು ಹೆಸರಿಟ್ಟ ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್, ದಿನಾ ಅರ್ಧ ಗಂಟೆ ಮರ ಕೊಯ್ಯುತ್ತಿದ್ದ ಒಬ್ಬ ರೋಗಿ ಹೆಚ್ಚುಕಡಿಮೆ ವಾಸಿಯಾದ ಎಂದು ಬರೆದಿಟ್ಟರು. 1802ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಅದಿದೆ. ಯಾರೂ ಅದರ ಬೆನ್ನು ಹತ್ತಲಿಲ್ಲ.

1912ರಲ್ಲಿ ಶಿಕಾಗೋದ ಜೇಮ್ಸ್ ಹೆರಿಕ್, ಹೃದಯದ ರಕ್ತನಾಳ ಕಟ್ಟಿಕೊಂಡರೂ ಮನುಷ್ಯ ಬದುಕಬಹುದು ಎಂದು ತೋರಿಸಿದರು. ಅಂಥವರು ಕೆಲವು ದಿನ ಪೂರ್ತಿ ಮಲಗಿರಲಿ ಎಂದರು. ಆ ಕೆಲವು ದಿನವೇ ಬರಬರುತ್ತಾ ಆರು ವಾರವಾಯಿತು. ಸತ್ತ ಹೃದಯದ ಮಾಂಸ ಗಟ್ಟಿ ಕಲೆಯಾಗಿ ಮಾಯಲು ಐದು ವಾರದಿಂದ ಎರಡು ತಿಂಗಳು ಬೇಕು ಎಂದು 1939ರಲ್ಲಿ ಬೋಸ್ಟನ್ನಿನ ವೈದ್ಯರು ಕಂಡುಕೊಂಡಿದ್ದು ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಮುರಿದ ಮೂಳೆಗೆ ಕಟ್ಟು ಹಾಕಿ ಕೂರಿಸುತ್ತೇವಲ್ಲ, ಅದೇ ಲೆಕ್ಕ. ರೋಗಿ ತಾನಾಗಿ ಮಗ್ಗಲು ಬದಲಿಸುವಂತಿರಲಿಲ್ಲ. ನರ್ಸ್ ಊಟ ತಿನ್ನಿಸಬೇಕು, ಮಲಮೂತ್ರವೂ ಹಾಸಿಗೆಯಲ್ಲೇ.

ಮೂಳೆ ಅಲ್ಲಾಡದಿದ್ದರೆ ಕೂಡುತ್ತದೆ. ಆದರೆ ಮನುಷ್ಯ ಅಲ್ಲಾಡದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಾವು ತರುತ್ತದೆ. ಹೃದಯಾಘಾತದಿಂದ ಉಳಿದವರು ಹಾಸಿಗೆಯಿಂದಾಗಿ ಸಾಯುತ್ತಿದ್ದರು.

ಬೋಸ್ಟನ್ನಿನ ಹಿರಿಯ ವೈದ್ಯ ಸ್ಯಾಮ್ಯುಯೆಲ್ ಲೆವಿನ್ ಇದನ್ನು ಅನುಮಾನಿಸಿದರು. ಅವರ ಶಿಷ್ಯ ಬರ್ನಾರ್ಡ್ ಲೌನ್ ಜೊತೆ ಸೇರಿ 81 ರೋಗಿಗಳನ್ನು ಆರಂಭದ ದಿನಗಳಲ್ಲೇ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಕೂತರೆ ಸ್ವಲ್ಪ ರಕ್ತ ಕಾಲಿಗೆ ಇಳಿಯುತ್ತದೆ, ಹೃದಯದ ಹೊರೆ ಕಡಿಮೆಯಾಗುತ್ತದೆ ಎಂಬುದು ಲೆವಿನ್ ವಾದ. ಇದು ಕೊಲೆಗೆ ಸಮ ಎನ್ನುವಂತೆ ಕಿರಿಯ ವೈದ್ಯರೇ ವಿರೋಧಿಸಿದ್ದನ್ನು ಲೌನ್ ಮುಂದೆ ನೆನಪಿಸಿಕೊಂಡಿದ್ದಾರೆ. ಕೂತಿದ್ದರಿಂದ ಯಾರಿಗೂ ಕೇಡಾಗಲಿಲ್ಲ. 1952ರಲ್ಲಿ ಅದು ಪ್ರಕಟವಾಯಿತು. (ಅಣ್ವಸ್ತ್ರ ವಿರೋಧಿಸಿ 1985ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವೈದ್ಯರ ಸಂಘಟನೆ ಕಟ್ಟಿದವರಲ್ಲಿ ಇದೇ ಲೌನ್ ಒಬ್ಬರು.)

1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾಯಿತು. ನೋಡಲು ಬಂದವರು ಪಾಲ್ ಡಡ್ಲಿ ವೈಟ್, ಆ 1939ರ ಅಧ್ಯಯನ ಮಾಡಿದವರಲ್ಲಿ ಒಬ್ಬರು! ಅವರೇ ಈಗ ಅಧ್ಯಕ್ಷರನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ನಡಿಗೆಗೆ ತಂದರು. ಮರುವರ್ಷ ಐಸೆನ್‌ಹೋವರ್ ಮತ್ತೆ ಚುನಾವಣೆ ಗೆದ್ದರು.

ಹಾಸಿಗೆ ಎಷ್ಟು ಕೆಡಿಸುತ್ತದೆ ಎಂದು ಅಳೆದದ್ದು 1966ರಲ್ಲಿ, ಡಲ್ಲಾಸ್ ನಗರದಲ್ಲಿ. ಇಪ್ಪತ್ತರ ಹರೆಯದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಮಲಗಿಸಿದರು. ಅವರ ದೇಹದ ದುಡಿಯುವ ತಾಕತ್ತು ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷದ ವಯಸ್ಸು ಮಾಡಿದ್ದಕ್ಕಿಂತ ಹೆಚ್ಚು ಹಾನಿಯನ್ನು ಆ ಮೂರು ವಾರದ ಹಾಸಿಗೆ ಮಾಡಿತ್ತು. ನನಗಂತೂ ಇಡೀ ಕಥೆಯಲ್ಲಿ ಬೆಚ್ಚಿಬೀಳಿಸಿದ್ದು ಇದೇ.

ಆಮೇಲಿನ ಪ್ರಶ್ನೆ: ಆಸ್ಪತ್ರೆಯಲ್ಲಿ ಡಾಕ್ಟರ್ ಎದುರು ಸರಿ, ಮನೆಯಲ್ಲಿ? ಎಂಬತ್ತರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಡಿಬಸ್ಕ್ ತಂಡ ಇದನ್ನು ನೋಡಿತು. ಹೃದಯಾಘಾತದ ಮೂರು ವಾರಕ್ಕೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿ, ತೊಂದರೆ ಕಾಣದವರಲ್ಲಿ ಕೆಲವರನ್ನು ಮನೆಯಲ್ಲಿ, ಕೆಲವರನ್ನು ಗುಂಪಿನಲ್ಲಿ ವ್ಯಾಯಾಮಕ್ಕೆ ಹಚ್ಚಿತು. ಮನೆಯವರ ಮೇಲೆ ಫೋನಿನಲ್ಲೇ ನಿಗಾ. ಶಕ್ತಿ ಎರಡೂ ಕಡೆ ಒಂದೇ ರೀತಿ ಹೆಚ್ಚಿತು. ಮುಂದೆ ಬೇರೆ ದೇಶಗಳ ಅಧ್ಯಯನಗಳೂ ಅದನ್ನೇ ಹೇಳಿದವು.

ಆದರೆ ಪರೀಕ್ಷೆ ಮಾಡಿ, ಅಪಾಯ ಕಡಿಮೆ ಇರುವವರನ್ನು ಆರಿಸಿದ್ದರು ಎಂಬುದನ್ನು ಮರೆಯಬಾರದು. ಕೂತಾಗಲೂ ಎದೆನೋವು ಬರುವವರು, ಬಿಪಿ ಹಿಡಿತಕ್ಕೆ ಬಾರದವರು, ಕವಾಟ ತೀರಾ ಕಿರಿದಾದವರು ಡಾಕ್ಟರ್ ಹೇಳದೆ ಶುರು ಮಾಡುವಂತಿಲ್ಲ. ಬೈಪಾಸ್ ಆದವರ ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ಅವರು ನಡೆಯಬಹುದು, ಆದರೆ ಕೊಡ ಎತ್ತುವುದು, ಬಾವಿ ನೀರು ಸೇದುವುದು ಬೇಡ. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗುವಷ್ಟೇ ವೇಗ ಸಾಕು. ಎದೆ ಬಿಗಿದರೆ, ತಲೆ ಸುತ್ತಿದರೆ, ತಣ್ಣನೆ ಬೆವರು ಬಂದರೆ ಅಲ್ಲೇ ಕೂರಬೇಕು. ಡಾಕ್ಟರ್ ಕೊಟ್ಟಿದ್ದರೆ ನಾಲಿಗೆ ಕೆಳಗಿನ ಮಾತ್ರೆ ಇಟ್ಟುಕೊಂಡು 108ಕ್ಕೆ ಫೋನ್ ಮಾಡಬೇಕು.

ನಮ್ಮ ದೇಶದಲ್ಲೂ 24 ಆಸ್ಪತ್ರೆಗಳ 3,959 ರೋಗಿಗಳ ಮೇಲೆ ಯೋಗ-ಕೇರ್ ಎಂಬ ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ 12 ವಾರದಲ್ಲಿ 13 ಪಾಠ, ಜೊತೆಗೆ ಮನೆಯಲ್ಲಿ ಅಭ್ಯಾಸ. ಸಾವು, ಮರು ಹೃದಯಾಘಾತ ಸ್ಪಷ್ಟವಾಗಿ ಕಡಿಮೆಯಾಯಿತು ಎಂದು ಹೇಳುವಂತಿರಲಿಲ್ಲ. ಆದರೆ ಯೋಗ ಮಾಡಿದವರು ಮೊದಲಿನ ಕೆಲಸಕ್ಕೆ ಮರಳಿದ್ದು ಹೆಚ್ಚು. ಕೂಲಿಯ ಮನೆಗೆ ಅದು ಸಣ್ಣ ಮಾತಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಉದ್ದ ಇರುತ್ತದೆ. ನಡಿಗೆ ಯಾವತ್ತಿನಿಂದ, ದಿನಕ್ಕೆ ಎಷ್ಟು ನಿಮಿಷ, ಹೊಲದ ಕೆಲಸ ಯಾವಾಗ ಎಂಬುದನ್ನೂ ಅದರಲ್ಲೇ ಬರೆಸಿಕೊಂಡು ಬನ್ನಿ.