ಗೊಜ್ಜಿನ ಪೂರ್ವೋತ್ತರ

ಮೈಸೂರು ಸೀಮೆಯ ಮದುವೆಯೂಟದಲ್ಲಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯಗಳ ಸಾಲಿನಲ್ಲಿ ಎಲೆಗೆ ಬಂದು ಬೀಳುವ ಅನಾನಸ್ ಗೊಜ್ಜು, ತನ್ನ ಕುಲಗೋತ್ರಗಳನ್ನು ಯಾರೂ ವಿಚಾರಿಸದಷ್ಟರ ಮಟ್ಟಿಗೆ ನಮ್ಮದಾಗಿ ಹೋಗಿದೆ. ಪಂಕ್ತಿಯಲ್ಲಿ ಕುಳಿತ ಮಡಿವಂತರು ಕೂಡ ಅದನ್ನು ಎರಡನೆಯ ಸಲ ಬಡಿಸಿಕೊಳ್ಳಲು ಸಂಕೋಚಪಡುವುದಿಲ್ಲ. ಆದರೆ ವಿಚಾರಿಸಹೊರಟರೆ, ಅದರ ಹಣ್ಣೂ ಅದರ ಖಾರವೂ, ಎರಡೂ ಅಮೆರಿಕಾ ಖಂಡದಲ್ಲಿ ಹುಟ್ಟಿ, ಪೋರ್ಚುಗೀಸರ ಹಡಗನ್ನೇರಿ ಈ ನೆಲಕ್ಕೆ ಇಳಿದವು. 1500ಕ್ಕೆ ಹಿಂದೆ ಕನ್ನಡನಾಡಿನ ಯಾವ ಅರಸನ ಪಾಕಶಾಲೆಯಲ್ಲಿಯೂ ಇವೆರಡರಲ್ಲಿ ಒಂದಾದರೂ ಇದ್ದಿತೆಂದು ಹೇಳಲು ಬರುವಂತಿಲ್ಲ.

ಹಾಗೆಂದು ಗೊಜ್ಜೇ ಪರದೇಶದ್ದೆನ್ನುವುದು ಆತುರದ ಮಾತಾದೀತು. ಹಣ್ಣನ್ನೋ ಕಾಯನ್ನೋ ಬೇಯಿಸಿ, ಅದರ ಹುಳಿಗೆ ಬೆಲ್ಲವನ್ನು ಎದುರಿಟ್ಟು, ಎರಡಕ್ಕೂ ಖಾರವನ್ನು ಮಧ್ಯಸ್ಥನನ್ನಾಗಿ ಮಾಡುವ ಈ ಪಾಕಕ್ರಮ ಬಹು ಪ್ರಾಚೀನವಾದುದು. ಆಯುರ್ವೇದದ ಗ್ರಂಥಗಳಲ್ಲಿ ರಾಗಷಾಡವವೆಂಬ ವ್ಯಂಜನದ ಹೆಸರು ಬರುತ್ತದೆ. ಎಳೆಯ ಮಾವಿನಕಾಯನ್ನು ಬೆಲ್ಲದೊಡನೆ ಕುದಿಸಿ, ಎಣ್ಣೆಯನ್ನೂ ಶುಂಠಿಯನ್ನೂ ಕೂಡಿಸಿದರೆ ಅದಾಗುವುದೆಂದು ಅದಕ್ಕೆ ಲಕ್ಷಣ ಹೇಳಿದವರುಂಟು. ಇದನ್ನು ಓದಿದ ಯಾವ ಗೃಹಿಣಿಯಾದರೂ ಇದು ಮಾವಿನಕಾಯಿ ಗೊಜ್ಜಲ್ಲದೆ ಮತ್ತೇನೆಂದು ಕೇಳಿಯಾಳು. ನಮ್ಮಲ್ಲಿ ಅಡಿಗೆಯನ್ನು ಶಾಸ್ತ್ರವೆಂದು ಎಣಿಸಿ ಬರೆದವರಿಗೂ ಕೊರತೆಯಿಲ್ಲ. ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಸ್ಥಾನವಿದೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ, ರಾಜನ ಭೋಗಗಳನ್ನು ಎಣಿಸುತ್ತ, ಅನ್ನಭೋಗಕ್ಕೆ ಒಂದು ಭಾಗವನ್ನೇ ಮೀಸಲಿಟ್ಟಿದ್ದಾನೆ, ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನಂತೂ ಬದನೆ, ಬಾಳೆ, ಹಲಸುಗಳ ಪಾಕವಿಧಾನಗಳನ್ನು ಕನ್ನಡ ಷಟ್ಪದಿಯಲ್ಲಿಯೇ ಹೇಳಿದನು. ಇವರೆಲ್ಲರಿಗೂ ಖಾರವೆಂದರೆ ಕಾಳುಮೆಣಸು, ಶುಂಠಿ, ಸಾಸಿವೆ, ಮೆಣಸಿನಕಾಯಿಯ ಸುಳಿವಿಲ್ಲ.

ಆ ಕಾಳುಮೆಣಸೇ ಪೋರ್ಚುಗೀಸರನ್ನು ನಮ್ಮ ಕರಾವಳಿಗೆ ಎಳೆದು ತಂದಿತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿಯೆಂದು ಕರೆದರು. 1510ರಲ್ಲಿ ಗೋವೆಯನ್ನು ಬಿಜಾಪುರದವರಿಂದ ಕಿತ್ತುಕೊಂಡ ಮೇಲೆ, ಇಲ್ಲಿಂದ ಮೆಣಸನ್ನು ತುಂಬಿಕೊಂಡು ಹೋಗುತ್ತಿದ್ದ ಆ ಜನ, ಪ್ರತಿಯಾಗಿ ತಂದಿಳಿಸಿದ ಸಸ್ಯಗಳಲ್ಲಿ ಮೆಣಸಿನಕಾಯಿಯೂ ಅನಾನಸೂ ಸೇರಿದ್ದವು. ಕೊಲಂಬಸನ ಸಂಗಡಿಗರು ಅನಾನಸನ್ನು ಗ್ವಾಡೆಲೂಪ್ ದ್ವೀಪದಲ್ಲಿ ಕಂಡದ್ದು 1493ರಲ್ಲಿ. ಜಹಾಂಗೀರ್ ಬಾದಶಹನು ತನ್ನ ಆತ್ಮಕಥನದಲ್ಲಿ, ಫಿರಂಗಿಗಳ ಬಂದರುಗಳಿಂದ ಬಂದ ಈ ಹಣ್ಣು ಆಗ್ರಾದ ತನ್ನ ತೋಟದಲ್ಲಿ ವರ್ಷಕ್ಕೆ ಸಾವಿರಾರು ಬಿಡುತ್ತದೆಂದು ಹಿಗ್ಗಿನಿಂದ ಬರೆದುಕೊಂಡಿದ್ದಾನೆ. ಪಂಪನು ಹತ್ತನೆಯ ಶತಮಾನದಲ್ಲಿ ಮಾಮರಗಳನ್ನು ಕಂಡು ಹಾಡಿದ ಬನವಾಸಿಯ ಸುತ್ತ ಇಂದು ಅನಾನಸಿನ ಹೊಲಗಳು ಹಬ್ಬಿವೆ.

ಈ ಆಗಂತುಕರನ್ನು ನಮ್ಮ ಅಡಿಗೆಮನೆ ಒಪ್ಪಿಕೊಂಡ ಬಗೆ ಎಂಥದೆಂಬುದಕ್ಕೆ ಶಾಸನಗಳನ್ನು ಹುಡುಕಬೇಕಾಗಿಲ್ಲ. ಶ್ರಾದ್ಧದ ದಿನ ಸಂಪ್ರದಾಯಸ್ಥರ ಮನೆಯ ಒಲೆಯ ಬಳಿ ನಿಂತರೆ ಸಾಕು. ಅನೇಕ ಮನೆಗಳಲ್ಲಿ ಅಂದು ಮೆಣಸಿನಕಾಯಿ ನಿಷಿದ್ಧ. ಸಾರಿಗೂ ಪಲ್ಯಕ್ಕೂ ಕಾಳುಮೆಣಸೇ ಗತಿ. ಆಲೂಗೆಡ್ಡೆ, ಟೊಮೇಟೊ, ಕೋಸುಗಳಿಗೂ ಅಂದು ಪ್ರವೇಶವಿಲ್ಲ. ಪಿತೃಗಳು ತಾವು ಬದುಕಿದ್ದಾಗ ಉಂಡುದನ್ನೇ ಉಣ್ಣಬೇಕೆಂಬ ಭಾವವೋ ಏನೋ, ಅಂತೂ ಮಂಗರಸನ ಕಾಲದ ಖಾರ ವರ್ಷಕ್ಕೊಂದು ದಿನ ನಮ್ಮ ನಾಲಗೆಗೆ ಮರಳಿ ಬರುತ್ತದೆ. ಪಿತೃಗಳ ಎಲೆಗೆ ಸಲ್ಲದ ಮೆಣಸಿನಕಾಯಿಗೆ ಮದುವೆಯ ಎಲೆಯಲ್ಲಿ ಅಗ್ರಸ್ಥಾನವಿರುವುದನ್ನು ನೋಡಿದರೆ, ಶುಭಕಾರ್ಯಗಳಲ್ಲಿ ಹೊಸದನ್ನು ಬರಮಾಡಿಕೊಳ್ಳುವ ಧೈರ್ಯ ನಮ್ಮ ಹೆಂಗಸರಿಗೆ ಮೊದಲಿನಿಂದಲೂ ಇದ್ದಿರಬೇಕೆಂದು ನನಗೆ ತೋರುತ್ತದೆ.

ಮಾಡುವ ರೀತಿಯಲ್ಲಿಯೂ ಈ ಹಳೆಯದು ಹೊಸದರ ಬೆಸುಗೆ ಕಾಣುತ್ತದೆ. ಹಣ್ಣು ತೀರ ಮಾಗಿರಬಾರದು. ಮಾಗಿದರೆ ಹೋಳು ಕರಗಿ ಗೊಜ್ಜು ಪಾಯಸದ ದಾರಿ ಹಿಡಿಯುತ್ತದೆ. ಹೋಳುಗಳನ್ನು ಅರಿಸಿನ, ಉಪ್ಪು ಹಾಕಿ ಬೇಯಲಿಟ್ಟು, ಅತ್ತ ಸಣ್ಣ ಉರಿಯಲ್ಲಿ ಕಡಲೆಬೇಳೆ, ಉದ್ದಿನಬೇಳೆ, ಕೆಲವೇ ಕಾಳು ಮೆಂತ್ಯ, ಬ್ಯಾಡಗಿ ಮೆಣಸಿನಕಾಯಿ ಇವುಗಳನ್ನು ಹುರಿದು, ಕಡೆಯಲ್ಲಿ ಎಳ್ಳನ್ನು ಹಾಕಬೇಕು. ಎಳ್ಳು ಚಟಪಟನೆ ಸಿಡಿಯತೊಡಗಿದೊಡನೆ ಬಾಣಲೆಯನ್ನು ಇಳಿಸದಿದ್ದರೆ ಕಹಿ ತಪ್ಪಿದ್ದಲ್ಲ. ಮೆಂತ್ಯ ಕೆಂಪೇರುವ ಬದಲು ಕಪ್ಪಾದರೂ ಅಷ್ಟೆ. ಕೊಬ್ಬರಿಯೊಡನೆ ನುಣ್ಣಗೆ ರುಬ್ಬಿದ ಈ ಮಸಾಲೆ, ಹುಣಸೆಯ ರಸ, ಬೆಲ್ಲ ಮೂರೂ ಹೋಳುಗಳನ್ನು ಸೇರಿ ಕುದಿದು, ಅಂಚಿನಲ್ಲಿ ಎಣ್ಣೆ ಬಿಡುವ ಹೊತ್ತಿಗೆ ಹದ ಬಂದಿತೆಂದು ಅರ್ಥ. ಬೆಲ್ಲ ಎಷ್ಟೆಂಬುದನ್ನು ಹಣ್ಣನ್ನು ನೆಕ್ಕಿ ನೋಡಿಯೇ ನಿರ್ಧರಿಸಬೇಕಲ್ಲದೆ ತಕ್ಕಡಿಯಿಂದಲ್ಲ. ಉಡುಪಿಯ ಕಡೆ ಎಳ್ಳನ್ನು ಮುಂದುಮಾಡಿ ಮೆಣಸ್ಕಾಯಿ ಎಂದರು. ಮಂಗಳೂರಿನ ಕೊಂಕಣಿಗರು ಸಾಸಿವೆ, ತೆಂಗಿನಕಾಯಿ ಅರೆದು ಹಸಿಯ ಹಣ್ಣಿಗೇ ಬೆರಸಿ ಸಾಸಂ ಎಂದರು. ಬಂದ ಹಣ್ಣು ಒಂದೇ. ಮೊದಲೇ ಸಿದ್ಧವಾಗಿದ್ದ ಮನೆಗಳು ಬೇರೆ ಬೇರೆ.

ಇದರ ತದ್ವಿರುದ್ಧ ಪ್ರಯಾಣವೂ ನಡೆದಿದೆ. ಇಂಗ್ಲೆಂಡಿನಲ್ಲಿ 1861ರಲ್ಲಿ ಗ್ರಂಥರೂಪವಾಗಿ ಹೊರಬಂದ ಶ್ರೀಮತಿ ಬೀಟನ್ನರ ಗೃಹನಿರ್ವಹಣೆಯ ಪುಸ್ತಕದಲ್ಲಿ ಬಂಗಾಳದ ರೀತಿಯ ಮಾವಿನ ಚಟ್ನಿಯೊಂದುಂಟು. ಸಕ್ಕರೆ, ಉಪ್ಪು, ಬೆಳ್ಳುಳ್ಳಿ, ಶುಂಠಿ, ಒಣಮೆಣಸಿನಕಾಯಿ, ಸಾಸಿವೆ, ದ್ರಾಕ್ಷಿ, 2 ಸೀಸೆ ವಿನಿಗರ್ ಎಲ್ಲವೂ ಅದರಲ್ಲಿವೆ. ಮಾವೊಂದು ಮಾತ್ರ ಇಲ್ಲ. ಅದರ ಸ್ಥಾನದಲ್ಲಿ 30 ಹುಳಿ ಸೇಬಿನ ಕಾಯಿಗಳನ್ನು ಬೇಯಿಸಬೇಕೆಂದು ಆಕೆ ವಿಧಿಸಿದ್ದಾಳೆ. ಅನಾನಸಿಗೆ ನಾವು ಮಾಡಿದ್ದನ್ನೇ ಆಕೆ ಸೇಬಿಗೆ ಮಾಡಿದಳೆನ್ನುವುದಕ್ಕೆ ಅಡ್ಡಿಯಿಲ್ಲ. ಅಲ್ಲಿಯ ಚಟ್ನಿಯನ್ನು ಸೀಸೆಯಲ್ಲಿ ಬಿಗಿದು ತಿಂಗಳುಗಟ್ಟಲೆ ಇಡುತ್ತಾರೆ. ನಮ್ಮ ಗೊಜ್ಜಿಗೆ ಆ ವಿನಿಗರಿನ ಕಾವಲಿಲ್ಲ. ಮರುದಿನ ರಸ ಹೋಳಿನೊಳಗೆ ಇಳಿದು ಅದರ ರುಚಿ ಇಮ್ಮಡಿಸುತ್ತದೆ, ಮೂರನೆಯ ದಿನಕ್ಕೆ ಅದು ಉಳಿದ ಮನೆಯನ್ನು ನಾನು ಕಂಡಿಲ್ಲ.